ಮಗಳ ಜಪಾನಿ ಶಾಲೆ

ಸೋದರಿಯರೇ, ಜಪಾನಿನಲ್ಲಿ 1987ರಲ್ಲಿ ‘ಜೆಟ್’ ಯೋಜನೆ ಶುರುವಾದ ಮೇಲೆ ಶಾಲೆಗಳಲ್ಲಿ ವಿದೇಶಿ ಸಹಾಯಕ ಇಂಗ್ಲಿಷ್ ಟೀಚರುಗಳು ಹೆಚ್ಚಿದರು. ಈಗ ನನ್ನ ಮಗಳೂ ಅಲ್ಲಿ ಅದೇ ಕೆಲಸದಲ್ಲಿದ್ದಾಳೆ. ಹೋದ ವರ್ಷ ನಾನೂ ಹೋಗಿ ಅವಳ ಶಾಲೆ ನೋಡಿ ಬಂದೆ.

ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಒಳಗೆ ಬೇರೆ ಷೂ ಹಾಕಬೇಕು. ಪಾಠ ಅಲ್ಲಿನ ಟೀಚರದು. ಇವಳು ಜೊತೆಗೆ ನಿಂತು ಉಚ್ಚಾರಣೆ ಹೇಳಿಕೊಡುತ್ತಾಳೆ. ಮಧ್ಯಾಹ್ನ ಮಕ್ಕಳೇ ಬಿಳಿ ಟೋಪಿ ಹಾಕಿಕೊಂಡು ತರಗತಿಯಲ್ಲೇ ಊಟ ಬಡಿಸುತ್ತಾರೆ. ಕಸ ಗುಡಿಸಿ ನೆಲ ಒರೆಸುವವರೂ ಅವರೇ!

ಅಲ್ಲಿ ಸಾರಿಗೂ ಮೀನಿನ ರಸ. ಹಾಗಾಗಿ ಮಗಳದು ಮನೆಯ ಬುತ್ತಿ.

“ಅಷ್ಟು ಮಕ್ಕಳ ಮಧ್ಯೆ ನಿನ್ನದೊಂದೇ ಬೇರೆ ಊಟ. ಬೇಜಾರಾಗಲ್ವೇನೇ?” ಅಂದೆ.

“ಮೊದಲು ಮುಚ್ಚಿಟ್ಕೊಂಡು ತಿಂತಿದ್ದೆ ಅಮ್ಮ. ಪಾಠದಲ್ಲಿ ಬಾಯಿ ಬಿಡದ ಹುಡುಗಿ ಒಂದಿನ ‘ವಾಟ್ ಈಸ್ ದಿಸ್?’ ಅಂದ್ಲು. ಆವತ್ತಿಂದ ಡಬ್ಬಿ ತೆರೆದೇ ತಿಂತೀನಿ.”

ಮಗಳು ದೂರ ಹೋಗ್ತೀನಿ ಅಂದರೆ ಅಡುಗೆ ಕಲಿಸಿ, ಧೈರ್ಯವಾಗಿ ಕಳಿಸಿ.