ಎರಡನೆಯ ಎಂಜಿನು

ಒಂದಕ್ಕಿಂತ ಎರಡು ಲೇಸೆಂಬುದು ಲೋಕದ ನಂಬಿಕೆ. ಪೆಟ್ಟಿಗೆಗೆ ಎರಡು ಬೀಗದ ಕೈ, ಮನೆಗೆ ದುಡಿಯುವವರು ಇಬ್ಬರು ಇದ್ದರೆ ಮನಸ್ಸಿಗೆ ಧೈರ್ಯ. ಆಕಾಶದಲ್ಲಿ ಹಾರುವ ಯಂತ್ರಕ್ಕೆ ಎರಡು ಎಂಜಿನುಗಳಿದ್ದರೆ ಈ ಧೈರ್ಯ ಇನ್ನೂ ಹೆಚ್ಚುವುದು ಸಹಜ. ಆದರೆ ನಾಲ್ಕಾರು ಜನರನ್ನು ಹೊತ್ತು ಹಾರುವ ಚಿಕ್ಕ ವಿಮಾನಗಳ ಅನುಭವ ಬೇರೊಂದು ಪಾಠವನ್ನು ಹೇಳುತ್ತದೆ. ಅಲ್ಲಿ ಎರಡನೆಯ ಎಂಜಿನು ರಕ್ಷಿಸಲೂಬಹುದು, ಕೆಡಹಲೂಬಹುದು. ಯಾವುದಾಗುವುದೆಂಬುದು ಬಹುಮಟ್ಟಿಗೆ ಅದನ್ನು ನಡೆಸುವ ಮನುಷ್ಯನನ್ನು ಅವಲಂಬಿಸಿದೆ.

1954ರಲ್ಲಿ ಅಮೆರಿಕದ ಪೈಪರ್ ಸಂಸ್ಥೆಯು ‘ಅಪಾಚೆ’ ಎಂಬ ಚಿಕ್ಕ ವಿಮಾನವನ್ನು ಮಾರಾಟಕ್ಕೆ ತಂದಿತು. ಅದರ ಎಡ ಬಲ ರೆಕ್ಕೆಗಳಲ್ಲಿ ಒಂದೊಂದು ಎಂಜಿನು. ಒಂದೊಂದರ ಬಲ 150 ಅಶ್ವಶಕ್ತಿ. ಅದೇ ಕಾಲಕ್ಕೆ ಸೆಸ್ನಾ ಸಂಸ್ಥೆಯ ‘310’ ಎಂಬ ವಿಮಾನವೂ ಬಂದಿತು. ಇಂತಹ ವಿಮಾನವು ಸಾಕಷ್ಟು ಎತ್ತರದಲ್ಲಿ ಹಾರುತ್ತಿರುವಾಗ ಒಂದು ಎಂಜಿನು ನಿಂತರೆ, ಇನ್ನೊಂದರ ಆಸರೆಯಿಂದ ಸಮೀಪದ ನಿಲ್ದಾಣವನ್ನು ಸೇರಬಹುದು. ರಾತ್ರಿಯಲ್ಲಿ, ಕಾಡಿನ ಮೇಲೆ, ನೀರಿನ ಮೇಲೆ ಹಾರುವವನಿಗೆ ಇದು ಸಣ್ಣ ಲಾಭವಲ್ಲ. ಕಷ್ಟವಿರುವುದು ನೆಲವನ್ನು ಬಿಟ್ಟು ಮೇಲೇಳುವ ಮೊದಲ ಕೆಲವು ಕ್ಷಣಗಳಲ್ಲಿ.

ನನ್ನ ಹಳೆಯ ಶಿಷ್ಯನೊಬ್ಬನು ಅಮೆರಿಕದಲ್ಲಿ ವಿಮಾನ ನಡೆಸುವುದನ್ನು ಕಲಿಸುವ ಶಿಕ್ಷಕನಾಗಿದ್ದಾನೆ. ಅವನು ಊರಿಗೆ ಬಂದಿದ್ದಾಗ ಒಂದು ಸಂಜೆ ಈ ಮಾತು ಬಂದಿತು. “ಒಂದು ನಿಂತರೂ ಅರ್ಧ ಬಲ ಉಳಿಯುತ್ತದೆಯಲ್ಲವೇನಪ್ಪ?” ಎಂದು ಕೇಳಿದೆ. ಅವನು, “ಬಲವೇನೋ ಅರ್ಧ ಉಳಿಯುತ್ತದೆ ಮೇಷ್ಟ್ರೇ, ಮೇಲೇರುವ ಶಕ್ತಿ ಮಾತ್ರ ಅರ್ಧ ಉಳಿಯುವುದಿಲ್ಲ” ಎಂದು ಹೇಳಿ, ಒಂದು ಸಂಸಾರದ ಲೆಕ್ಕವನ್ನು ಮುಂದಿಟ್ಟನು. ಅಣ್ಣ ತಮ್ಮಂದಿರಿಬ್ಬರು ದಿನಕ್ಕೆ ತಲಾ 100 ರೂಪಾಯಿ ತರುತ್ತಾರೆ. ಮನೆಯ ಖರ್ಚು 80 ರೂಪಾಯಿ, ಉಳಿತಾಯ 120. ಒಬ್ಬನು ಹಾಸಿಗೆ ಹಿಡಿದರೆ ಆದಾಯ 100 ಆಯಿತು, ಖರ್ಚು ಇಳಿಯಲಿಲ್ಲ. ಉಳಿಯುವುದು 20 ಮಾತ್ರ. ಆದಾಯದಲ್ಲಿ ಅರ್ಧ ಹೋಯಿತು. ಉಳಿತಾಯದಲ್ಲಿಯಾದರೋ ಆರರಲ್ಲಿ ಐದು ಪಾಲು ಹೋಯಿತು!

ವಿಮಾನವು ಮೇಲೇರುವುದು ಈ ಉಳಿತಾಯದಿಂದಲೇ. ನೆಲಕ್ಕಿಳಿಯದಂತೆ ಸಮನಾಗಿ ಹಾರಲು ಬೇಕಾದ ಬಲವನ್ನು ಕಳೆದು ಮಿಕ್ಕುದು ಮಾತ್ರ ಏರುವುದಕ್ಕೆ ಒದಗುತ್ತದೆ. ಆದಕಾರಣ ಒಂದು ಎಂಜಿನು ನಿಂತರೆ ಚಿಕ್ಕ ವಿಮಾನದ ಏರುವ ಶಕ್ತಿಯಲ್ಲಿ ನೂರಕ್ಕೆ 80 ಪಾಲೋ ಅದಕ್ಕಿಂತ ಹೆಚ್ಚೋ ನಷ್ಟವಾಗುತ್ತದೆ. ಅಷ್ಟೇ ಅಲ್ಲ, ನಿಂತ ಎಂಜಿನಿನ ಪ್ರೊಪೆಲರು ಗಾಳಿಯ ಹೊಡೆತಕ್ಕೆ ಬರಿದೆ ತಿರುಗುತ್ತ ವಿಮಾನವನ್ನು ಹಿಂದಕ್ಕೆ ಜಗ್ಗುತ್ತದೆ. ಹಾಸಿಗೆ ಹಿಡಿದವನ ಔಷಧದ ಖರ್ಚಿನಂತೆ ಇದು ಉಳಿದ ಇಪ್ಪತ್ತನ್ನೂ ನುಂಗಿಬಿಡಬಹುದು. ಇದನ್ನು ತಪ್ಪಿಸಲು ಪ್ರೊಪೆಲರಿನ ಅಲಗುಗಳ ಅಂಚು ಗಾಳಿಗೆ ಎದುರಾಗುವಂತೆ ಹೊರಳಿಸಿ ನಿಲ್ಲಿಸುವ ಏರ್ಪಾಡಿದೆ; ಅದಕ್ಕೆ ‘ಫೆದರ್’ ಮಾಡುವುದೆಂದು ಹೆಸರು. ಸಮುದ್ರಮಟ್ಟದಿಂದ ಸುಮಾರು 1600 ಮೀಟರು ಎತ್ತರದಲ್ಲಿರುವ ಡೆನ್ವರಿನಂತಹ ನಗರದಲ್ಲಿ ಗಾಳಿ ತೆಳು. ಅಲ್ಲಿ ಬೇಸಗೆಯ ದಿನ, ತುಂಬಿದ ಹೊರೆಯೊಡನೆ ಹೊರಟ ಚಿಕ್ಕ ವಿಮಾನವು, ಎಲ್ಲವನ್ನೂ ಸರಿಯಾಗಿ ಮಾಡಿದ ಮೇಲೂ, ಒಂದೇ ಎಂಜಿನಿನಿಂದ ಏರಲಾರದೆ ಮೆಲ್ಲನೆ ಇಳಿಯುವುದುಂಟು.

ಇದಕ್ಕಿಂತ ಘೋರವಾದ ಸಂಗತಿ ಇನ್ನೊಂದಿದೆ. ಜೋಡಿ ಎತ್ತಿನ ಗಾಡಿಯಲ್ಲಿ ಎಡಗಡೆಯ ಎತ್ತು ಸೋತು, ಬಲಗಡೆಯದು ಎಳೆಯುತ್ತಲೇ ಇದ್ದರೆ ಗಾಡಿ ಎಡಕ್ಕೆ ಹೊರಳುತ್ತದೆ. ಎಡ ಎಂಜಿನು ನಿಂತ ವಿಮಾನದ ಪಾಡೂ ಅದೇ. ಆಗ ಚಾಲಕನು ಬಲಗಾಲಿನ ಪೆಡಲನ್ನು ಒತ್ತಿ, ಬಾಲದ ಚುಕ್ಕಾಣಿಯಿಂದ ಆ ಹೊರಳನ್ನು ತಡೆಯಬೇಕು. ಆದರೆ ಚುಕ್ಕಾಣಿಗೆ ಬಲ ಬರುವುದು ಅದರ ಮೇಲೆ ಹರಿಯುವ ಗಾಳಿಯಿಂದ. ವೇಗ ತಗ್ಗಿದಂತೆಲ್ಲ ಚುಕ್ಕಾಣಿಯ ಬಲವೂ ತಗ್ಗುತ್ತದೆ. ಆದುದರಿಂದಲೇ ವೇಗಮಾಪಕದಲ್ಲಿ ಎರಡು ಗೆರೆಗಳನ್ನು ಎಳೆದಿರುತ್ತಾರೆ. ನೀಲಿ ಗೆರೆಯು ಒಂದೇ ಎಂಜಿನಿನಿಂದ ಚೆನ್ನಾಗಿ ಏರಬಲ್ಲ ವೇಗವನ್ನು ತೋರಿಸುತ್ತದೆ. ಕೆಂಪು ಗೆರೆಯು ಚುಕ್ಕಾಣಿಯ ಅಧಿಕಾರದ ಕೊನೆಯ ಎಲ್ಲೆ. ಒಂದು ನಿಂತು ಇನ್ನೊಂದು ಪೂರ್ಣ ಬಲದಿಂದ ಓಡುತ್ತಿರುವಾಗ ವೇಗವು ಕೆಂಪು ಗೆರೆಗಿಂತ ಕೆಳಗಿಳಿದರೆ ವಿಮಾನ ಪಕ್ಕಕ್ಕೆ ತಿರುಗಿ, ವಾಲಿ, ಮಗುಚಿಕೊಳ್ಳಬಹುದು. ಹಾಗೆ ಮಗುಚುವುದು ಸತ್ತ ಎಂಜಿನಲ್ಲ, ಬದುಕಿರುವ ಎಂಜಿನು!

ಇದಕ್ಕೆ ಪರಿಹಾರ ವಿಚಿತ್ರವಾದುದು. ಮೂಗನ್ನು ತಗ್ಗಿಸಿ, ಚೆನ್ನಾಗಿರುವ ಎಂಜಿನಿನ ಬಲವನ್ನೂ ತಗ್ಗಿಸಬೇಕು. ನೆಲವು ಹತ್ತಿರವಿದ್ದು ಏರುವ ಆಸೆಯಿಲ್ಲದಿದ್ದರೆ ಎರಡನ್ನೂ ನಿಲ್ಲಿಸಿ ಎದುರಿಗೆ ಸಿಕ್ಕ ಬಯಲಿನಲ್ಲಿ ಇಳಿಯಬೇಕು. ನೆಟ್ಟಗೆ ಇಳಿದ ವಿಮಾನ ಮುರಿದರೂ ಒಳಗಿನವರು ಉಳಿಯಬಹುದು. ಮಗುಚಿ ಬಿದ್ದುದರಲ್ಲಿ ಆ ಆಸೆ ತೀರ ಕಡಿಮೆ. ಪ್ರಾಣಭಯದ ವೇಳೆಯಲ್ಲಿ, ಕೈಯಲ್ಲಿ ಉಳಿದಿರುವ ಒಂದೇ ಬಲವನ್ನು ತಾನಾಗಿ ಬಿಟ್ಟುಕೊಡಲು ಯಾರಿಗೆ ಮನಸ್ಸು ಬಂದೀತು?

ಅವಸರದ ಅಪಾಯ ಮತ್ತೊಂದು ಬಗೆಯದು. ಯಾವ ಕಾಲಿಗೆ ಒತ್ತುವ ಕೆಲಸವಿಲ್ಲವೋ ಆ ಕಡೆಯ ಎಂಜಿನು ನಿಂತಿದೆಯೆಂದು ಚಾಲಕರು ಗುರುತಿಸುತ್ತಾರೆ. ಆದರೂ ಕೂಡಲೇ ಅದನ್ನು ಫೆದರ್ ಮಾಡುವುದಿಲ್ಲ. ಮೊದಲು ಅದರ ಥ್ರಾಟಲನ್ನು ಹಿಂದಕ್ಕೆ ಎಳೆದು ನೋಡುತ್ತಾರೆ. ಏನೂ ವ್ಯತ್ಯಾಸವಾಗದಿದ್ದರೆ ನಿಂತಿರುವುದು ಅದೇ ಎಂದು ಖಚಿತವಾಗುತ್ತದೆ. ಈ ಎಚ್ಚರ ದೊಡ್ಡ ವಿಮಾನಗಳಲ್ಲಿಯೂ ಎಷ್ಟು ಅಗತ್ಯವೆಂಬುದಕ್ಕೆ ಇಂಗ್ಲೆಂಡಿನ ದುರಂತವೊಂದು ಸಾಕ್ಷಿ. 1989ರ ಜನವರಿ 8ರಂದು ಲಂಡನ್ನಿನಿಂದ ಬೆಲ್‌ಫಾಸ್ಟಿಗೆ ಹೊರಟ ಬೋಯಿಂಗ್ 737 ವಿಮಾನದ ಎಡ ಎಂಜಿನಿನ ಅಲಗೊಂದು ಮುರಿಯಿತು. ವಿಮಾನ ನಡುಗಿತು, ಹೊಗೆಯ ವಾಸನೆ ಬಂದಿತು. ಕೆಟ್ಟಿರುವುದು ಬಲ ಎಂಜಿನೆಂದು ಭಾವಿಸಿ ಚಾಲಕರು ಅದನ್ನು ನಿಲ್ಲಿಸಿದರು. ಆಕಸ್ಮಿಕವಾಗಿ ನಡುಕವೂ ಕಡಿಮೆಯಾದುದರಿಂದ ಅವರ ನಂಬಿಕೆ ಬಲವಾಯಿತು. ಎಡಗಡೆಯಲ್ಲಿ ಬೆಂಕಿಯನ್ನು ಕಂಡಿದ್ದ ಪ್ರಯಾಣಿಕರು, ಬಲ ಎಂಜಿನು ಕೆಟ್ಟಿತೆಂಬ ಪ್ರಕಟಣೆಯನ್ನು ಕೇಳಿಯೂ ಸುಮ್ಮನಿದ್ದರು. ಚಾಲಕರಿಗೆ ತಿಳಿಯದಿರುವುದುಂಟೇ ಎಂದುಕೊಂಡಿದ್ದಿರಬೇಕು. ಇಳಿಯುವ ಹೊತ್ತಿಗೆ ಎಡ ಎಂಜಿನೂ ಸೋತು ವಿಮಾನವು ಕೆಗ್‌ವರ್ತ್ ಎಂಬಲ್ಲಿ ಹೆದ್ದಾರಿಯ ದಂಡೆಗೆ ಅಪ್ಪಳಿಸಿತು. ಒಳಗಿದ್ದ 126 ಜನರಲ್ಲಿ 47 ಮಂದಿ ಮಡಿದರು. ಪರೀಕ್ಷಿಸಿ ನೋಡುವ ತಾಳ್ಮೆ ಒಬ್ಬರಲ್ಲಿ ಇದ್ದಿದ್ದರೆ, ಕಂಡುದನ್ನು ಹೇಳುವ ಧೈರ್ಯ ಇನ್ನೊಬ್ಬರಲ್ಲಿ ಇದ್ದಿದ್ದರೆ, ಆ ರಾತ್ರಿಯ ಕಥೆ ಬೇರೆಯಾಗಬಹುದಾಗಿತ್ತು.

ಆಪತ್ತು ಬಂದಾಗ ಯೋಚಿಸಲು ಸಮಯವಿರುವುದಿಲ್ಲ. ಯೋಚನೆ ಮೊದಲೇ ಮುಗಿದಿರಬೇಕು. ಅದಕ್ಕಾಗಿಯೇ ನುರಿತ ಚಾಲಕನು ಹೊರಡುವ ಮೊದಲು ರನ್‌ವೇಯ ತುದಿಯಲ್ಲಿ ನಿಂತು, ನೆಲದ ಮೇಲಿರುವಾಗ ಎಂಜಿನು ನಿಂತರೆ ಏನು ಮಾಡುವೆನು, ನೆಲ ಬಿಟ್ಟ ಮೇಲೆ ನಿಂತರೆ ಏನು ಮಾಡುವೆನು, ಯಾವ ವೇಗದವರೆಗೆ ಎರಡನ್ನೂ ನಿಲ್ಲಿಸುವೆನು ಎಂಬುದನ್ನು ಗಟ್ಟಿಯಾಗಿ ತನಗೆ ತಾನೇ ಹೇಳಿಕೊಳ್ಳುತ್ತಾನೆ. ಸಾವಿರ ಸಲ ಹಾರಿದವನೂ ಸಾವಿರದೊಂದನೆಯ ಸಲ ಇದನ್ನು ಬಿಡುವುದಿಲ್ಲ. ಆ ಬಳಿಕವೇ ಅವನ ಕೈ ಥ್ರಾಟಲುಗಳನ್ನು ಮುಂದಕ್ಕೆ ತಳ್ಳುತ್ತದೆ.