ಅಪ್ಪನ ಕೋವಿ

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಕನ್ನಡ ಅಧ್ಯಾಪಕರು ಕೇಳಿದಾಗ ಗೆಳೆಯರು ಪ್ರವಾಸ, ಪರೀಕ್ಷೆ, ಹಾಸ್ಟೆಲಿನ ಊಟ ಎಂದು ವಿಷಯಗಳನ್ನೆಲ್ಲ ಹಂಚಿಕೊಂಡುಬಿಟ್ಟರು. ನನ್ನ ಪಾಲಿಗೆ ಉಳಿದುದು ಒಂದು ಕೋವಿ. ವಾಚಕರು ನಗಬಾರದು. ಕಳೆದ ಒಂದೂವರೆ ವರ್ಷದಲ್ಲಿ ನಾನು ಪಠ್ಯಪುಸ್ತಕಗಳಿಗಿಂತ ಹೆಚ್ಚು ಶ್ರದ್ಧೆಯಿಂದ ಓದಿದ ಗ್ರಂಥವೆಂದರೆ 1959ನೆಯ ಇಸವಿಯ ಆಯುಧ ಕಾಯಿದೆ. ಅದರಲ್ಲಿ ರಸವಿಲ್ಲ, ಅಲಂಕಾರವಿಲ್ಲ. ಆದರೆ ನಮ್ಮ ಮನೆಯ ಬೆಳೆ ಅದರ ಕೆಲವು ಸಾಲುಗಳನ್ನು ನಂಬಿಕೊಂಡು ನಿಂತಿತ್ತು.

ನಮ್ಮದು ಮಲೆನಾಡಿನ ಒಂದು ಸಣ್ಣ ಹಳ್ಳಿ. ಎರಡು ಎಕರೆ ಗದ್ದೆ, ಅದರ ಮೇಲ್ಬದಿಗೆ ಒಂದಿಷ್ಟು ಅಡಕೆ, ಅದರಾಚೆಗೆ ಕಾಡು. ಗದ್ದೆಗೂ ಕಾಡಿಗೂ ನಡುವೆ ಇದ್ದುದು ಒಂದು ಮುಳ್ಳುಬೇಲಿ ಮತ್ತು ಅಪ್ಪನ ಕೇಪಿನ ಕೋವಿ. ಕೇಪಿನ ಕೋವಿಯನ್ನು ನೋಡದವರಿಗಾಗಿ ಹೇಳುತ್ತೇನೆ: ಅದು ತೋಟೆ ಹಾಕುವ ಕೋವಿಯಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಜಡಿದು, ಬೇಕಿದ್ದರೆ ಚರೆ ಹಾಕಿ, ಹಿಂದೆ ಕೇಪು ಸಿಕ್ಕಿಸಿ ಹೊಡೆಯಬೇಕು. ಒಂದು ಈಡಿಗೂ ಮುಂದಿನ ಈಡಿಗೂ ನಡುವೆ ನಿಧಾನವಾಗಿ ಒಂದು ಕವಳ ಹಾಕಿ ಮುಗಿಸಬಹುದು. ಅಪ್ಪ ಚರೆ ಹಾಕುತ್ತಿದ್ದುದೇ ಅಪರೂಪ. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅಪ್ಪಣೆಯಿಲ್ಲದೆ ಕಾಡುಹಂದಿಯನ್ನು ಕೊಲ್ಲುವಂತಿಲ್ಲ. ಕಾಯಿದೆಯನ್ನು ಓದದಿದ್ದರೂ ಅಪ್ಪನಿಗೆ ಅದು ಗೊತ್ತಿತ್ತು. "ಹಂದಿ ಸಾಯೋದು ಬೇಡ, ಹೋದ್ರೆ ಸಾಕು" ಎನ್ನುತ್ತಿದ್ದರು. ಭತ್ತ ಹಾಲುಗಟ್ಟುವ ಕಾಲದಲ್ಲಿ ರಾತ್ರಿಗೆ ಎರಡು ಈಡು, ಬರಿಯ ಮದ್ದಿನವು. ಎದುರಿನ ಗುಡ್ಡಕ್ಕೆ ಬಡಿದು ಹಿಂದಿರುಗುವ ಆ ಸದ್ದನ್ನು ಕೇಳಿದ ಮೇಲೆಯೇ ಚಿಕ್ಕಂದಿನಲ್ಲಿ ನನಗೆ ನಿದ್ದೆ.

2024ರ ಶ್ರಾವಣದಲ್ಲಿ ಅಪ್ಪ ತೀರಿಕೊಂಡರು. ಹದಿಮೂರನೆಯ ದಿನದ ಊಟ ಮುಗಿದ ಮಾರನೆಯ ದಿನ ಊರಿನ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ತಮ್ಮಾ, ಕೋವಿ ಇನ್ನು ಮನೇಲಿ ಇರಬಾರದು, ಠಾಣೆಗೆ ಒಪ್ಪಿಸಿ ಬಾ" ಎಂದರು. ಲೈಸೆನ್ಸು ಕೊಡುವುದು ಮನೆಗಲ್ಲ, ಮನುಷ್ಯನಿಗೆ. ಆತ ಹೋದ ಮೇಲೆ ವಾರಸುದಾರರು ವಿನಾಕಾರಣ ತಡಮಾಡದೆ ಆಯುಧವನ್ನು ಠಾಣೆಯಲ್ಲಿಯೋ ಲೈಸೆನ್ಸುಳ್ಳ ವ್ಯಾಪಾರಿಯಲ್ಲಿಯೋ ಇಡಬೇಕೆಂದು ಕಾಯಿದೆಯ ಇಪ್ಪತ್ತೊಂದನೆಯ ಕಲಮು ಹೇಳುತ್ತದೆ. ಹಿಂದೆ 2023ರ ವಿಧಾನಸಭೆಯ ಚುನಾವಣೆಗೂ 2024ರ ಲೋಕಸಭೆಯ ಚುನಾವಣೆಗೂ ಅಪ್ಪ ಅದೇ ಠಾಣೆಯಲ್ಲಿ ಕೋವಿಯಿಟ್ಟು, ಫಲಿತಾಂಶ ಬಂದ ಮೇಲೆ ತಂದಿದ್ದರು. ಈ ಸಲ ನಾನು ಇಟ್ಟು ರಸೀದಿ ಪಡೆದು ಬಂದೆ. ಹಿಂದಿರುಗಿ ತರುವುದು ಯಾವಾಗ ಎಂದು ಹೇಳುವವರಿರಲಿಲ್ಲ.

ಮಗನಾದ ನನ್ನ ಹೆಸರಿಗೆ ಅದು ತಾನಾಗಿ ಬರುವುದೆಂದು ತಿಳಿದಿದ್ದೆ. ಒಂಬತ್ತನೆಯ ಕಲಮು ಆ ಭ್ರಮೆಯನ್ನು ಬಿಡಿಸಿತು. ಮತ ಹಾಕಲು ಹದಿನೆಂಟು ಸಾಕು. ಕೋವಿ ಪಡೆಯಲು ಇಪ್ಪತ್ತೊಂದು ತುಂಬಿರಬೇಕು. ನನಗೆ ಆಗ ಹತ್ತೊಂಬತ್ತು. ಮನೆಯಲ್ಲಿ ಉಳಿದವರು ಎಪ್ಪತ್ತು ದಾಟಿದ ಅಜ್ಜಿ ಮತ್ತು ಅಮ್ಮ. ಅಮ್ಮ ನಾಲ್ಕನೆಯ ತರಗತಿಯವರೆಗೆ ಓದಿದವಳು. ಆಯುಧಪೂಜೆಯ ದಿನ ಕುಂಕುಮ ಹಚ್ಚುವುದಕ್ಕಲ್ಲದೆ ಕೋವಿಯನ್ನು ಮುಟ್ಟಿದವಳಲ್ಲ. ಬೇರೆ ದಾರಿಯಿಲ್ಲದೆ ಅರ್ಜಿ ಅವಳ ಹೆಸರಿನಲ್ಲಿ ಹೋಯಿತು.

ಆಗ ಶುರುವಾಯಿತು ಕಾಗದಗಳ ಬೇಸಾಯ. 2016ರ ಆಯುಧ ನಿಯಮಗಳ ನಮೂನೆ ಎ-1, ಭಾವಚಿತ್ರ, ಮರಣಪತ್ರ, ವಂಶವೃಕ್ಷ, ಪಹಣಿ, ದೇಹವೂ ಮನಸ್ಸೂ ಸ್ವಸ್ಥವಾಗಿವೆಯೆಂದು ವೈದ್ಯರ ಪತ್ರ, ಕೋವಿಯನ್ನು ಭದ್ರವಾಗಿ ಇಡುವೆನೆಂಬ ಮುಚ್ಚಳಿಕೆ, ತರಬೇತಿಯ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ. ಒಪ್ಪಿಗೆಪತ್ರಕ್ಕೆ ನಾನು ಸಹಿ ಹಾಕಿದೆ, ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಮಗನ ಕೋವಿಗೆ ತನ್ನ ತಕರಾರಿಲ್ಲವೆಂದು ತಾಯಿಯೊಬ್ಬಳು ಛಾಪಾ ಕಾಗದದಲ್ಲಿ ಹೇಳಬೇಕಾದುದನ್ನು ಓದಿ ಹೇಳುವಾಗ ನನ್ನ ದನಿ ಸರಿಯಾಗಿರಲಿಲ್ಲ.

ಎಲ್ಲವನ್ನೂ ಒಪ್ಪಿಸಿದ ಎರಡು ತಿಂಗಳ ಮೇಲೆ ಅರ್ಜಿ ಹಿಂದಕ್ಕೆ ಬಂತು. ಪಹಣಿಯಲ್ಲಿ ಅಪ್ಪನ ಹೆಸರಿನ ಕೊನೆಗೆ 'ಗೌಡ' ಎಂದಿತ್ತು. ಹಳೆಯ ಲೈಸೆನ್ಸಿನಲ್ಲಿ ಅದು ಇರಲಿಲ್ಲ. ಇಬ್ಬರೂ ಒಬ್ಬರೇ ಎಂದು ಪ್ರಮಾಣ ಮಾಡಿಸಿ ಮತ್ತೆ ಕೊಟ್ಟೆವು. ಗುಮಾಸ್ತರು ಸಿಡುಕಿದರೆಂದು ನಾನು ದೂರುವುದಿಲ್ಲ, ಅವರ ಮೇಜಿನ ಮೇಲಿದ್ದ ಕಡತಗಳ ರಾಶಿಯನ್ನು ಕಂಡಿದ್ದೇನೆ. ಆದರೆ ಹಂದಿಗಳು ಕಡತಕ್ಕಾಗಿ ಕಾಯಲಿಲ್ಲ. ಆ ವರ್ಷ ಅಮ್ಮ ರಾತ್ರಿಯೆಲ್ಲ ಎಣ್ಣೆ ಡಬ್ಬ ಬಡಿದಳು. ನಾಲ್ಕು ದಿನ ಹೆದರಿದ ಹಂದಿಗಳು ಐದನೆಯ ದಿನ ಡಬ್ಬಕ್ಕೆ ಒಗ್ಗಿಕೊಂಡವು. ಅರ್ಧ ಗದ್ದೆ ಹೋಯಿತು. ನನ್ನ ಹಾಸ್ಟೆಲಿನ ಖರ್ಚಿಗಾಗಿ ಒಂದು ಕಡಸನ್ನು ಮಾರಬೇಕಾಯಿತು.

ಹೊಟ್ಟೆಯುರಿಯಿಂದ ನಾನು ನಮ್ಮ ಗ್ರಂಥಾಲಯದಲ್ಲಿ ಕಾಯಿದೆಯ ಪುಸ್ತಕವನ್ನು ತೆರೆದೆ. ಬಯ್ಯುವುದಕ್ಕೆ ಸಾಲು ಹುಡುಕಲು ಹೋದವನಿಗೆ ಬೇರೆಯೇ ಸಾಲುಗಳು ಸಿಕ್ಕಿದವು. ಬೆಳೆರಕ್ಷಣೆಗೆ ಬಾಯಿಂದ ಮದ್ದು ತುಂಬುವ ಕೋವಿಯನ್ನು ಪ್ರಾಮಾಣಿಕವಾಗಿ ಕೇಳಿದವರಿಗೆ ಲೈಸೆನ್ಸು ಕೊಡತಕ್ಕದ್ದೆಂದು ಹದಿಮೂರನೆಯ ಕಲಮಿನಲ್ಲಿಯೇ ಇದೆ. ಅರ್ಜಿದಾರನಿಗೆ ಸಾಕಷ್ಟು ಆಸ್ತಿಯಿಲ್ಲವೆಂಬ ಒಂದೇ ಕಾರಣಕ್ಕೆ ನಿರಾಕರಿಸಬಾರದೆಂದು ಹದಿನಾಲ್ಕನೆಯದು ಹೇಳುತ್ತದೆ. ನಿರಾಕರಿಸಿದರೆ ಕಾರಣವನ್ನು ಬರೆದಿಡಬೇಕು, ಅದರ ಮೇಲೆ ಅಪೀಲು ಹೋಗಬಹುದು. ಲಿಟ್ಟನ್ ವೈಸರಾಯ್ ಆಗಿದ್ದಾಗ 1878ರಲ್ಲಿ ಬಂದ ಕಾಯಿದೆ ಭಾರತೀಯರ ಕೈಯಿಂದ ಆಯುಧ ಕಿತ್ತುಕೊಳ್ಳಲು ಹುಟ್ಟಿದ್ದು. ಯುರೋಪಿಯನ್ನರಿಗೆ ಅದರಿಂದ ವಿನಾಯಿತಿಯಿತ್ತು. 1930ರಲ್ಲಿ ಗಾಂಧೀಜಿ ಸರ್ಕಾರದ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಆತ್ಮರಕ್ಷಣೆಗೆ ಬಂದೂಕಿನ ಲೈಸೆನ್ಸು ಕೊಡಬೇಕೆಂಬುದೂ ಒಂದಾಗಿತ್ತು. ಅಹಿಂಸೆಯ ಗುರು ಇದನ್ನೇಕೆ ಕೇಳಿದರೆಂದು ಚರಿತ್ರೆಯ ತರಗತಿಯಲ್ಲಿ ನನಗೆ ಅರ್ಥವಾಗಿರಲಿಲ್ಲ. ಬಡವನ ಮೇಲೆ ಸರ್ಕಾರಕ್ಕೆ ನಂಬಿಕೆಯಿದೆಯೇ ಇಲ್ಲವೇ ಎಂಬುದು ಅಲ್ಲಿಯ ಪ್ರಶ್ನೆಯೆಂದು ಈಗ ತೋರುತ್ತದೆ.

ಹಾಸ್ಟೆಲಿನಲ್ಲಿ ನನ್ನ ಈ ವ್ಯಾಸಂಗ ಎಲ್ಲರಿಗೂ ತಮಾಷೆಯ ವಿಷಯವಾಯಿತು. ಕೊಡಗಿನ ಗೆಳೆಯನೊಬ್ಬ, "ನಮಗೆ ಈ ಪಾಡಿಲ್ಲ ಮಾರಾಯಾ" ಎಂದ. ನಿಜ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿಯುಂಟು. ಅದನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿಹಿಡಿಯಿತು. ಸಿನಿಮಾ ಹುಚ್ಚಿನ ಇನ್ನೊಬ್ಬ, "ಹೇಗೂ ಅರ್ಜಿ ಹಾಕಿದ್ದೀಯ, ಜೊತೆಗೊಂದು ಸೈಲೆನ್ಸರನ್ನೂ ಕೇಳಿಬಿಡು" ಎಂದ. ಅದಕ್ಕೂ ನನ್ನಲ್ಲಿ ಉತ್ತರವಿತ್ತು. ಕೋವಿಯ ಸದ್ದಡಗಿಸುವ ಸಾಧನವನ್ನು ನಮ್ಮ ನಿಯಮಗಳು ನಿಷೇಧಿತ ಆಯುಧಗಳ ವರ್ಗದಲ್ಲಿಯೇ ಸೇರಿಸಿವೆ. ಅಮೆರಿಕದಲ್ಲಾದರೆ ಬಹುಪಾಲು ರಾಜ್ಯಗಳಲ್ಲಿ ಕೊಳ್ಳಬಹುದು. ಆದರೆ ಅಲ್ಲಿಯೂ 1934ರ ಕಾಯಿದೆಯಂತೆ ಅರ್ಜಿ, ಭಾವಚಿತ್ರ, ಬೆರಳಚ್ಚು, ಸರ್ಕಾರದ ಒಪ್ಪಿಗೆ ಎಲ್ಲವೂ ಬೇಕು. 2025ರ ಕೊನೆಯವರೆಗೆ 200 ಡಾಲರು ತೆರಿಗೆಯೂ ಇತ್ತು. 2026ರ ಜನವರಿಯಿಂದ ತೆರಿಗೆ ಮಾತ್ರ ಸೊನ್ನೆಯಾಗಿದೆ. ಇಷ್ಟೆಲ್ಲ ಮಾಡಿ ಅಲ್ಲಿಯವರು ಕೊಳ್ಳುವುದು ಮೌನವನ್ನು. ನಮ್ಮ ಅಮ್ಮ ಅಷ್ಟೇ ಕಾಗದ ಹಿಡಿದು ಕಾಯುತ್ತಿದ್ದುದು ಒಂದು ಸದ್ದಿಗಾಗಿ.

ಪೊಲೀಸ್ ವಿಚಾರಣೆಗೆ ದಫೇದಾರರೊಬ್ಬರು ಮನೆಗೆ ಬಂದರು. ಗದ್ದೆ ನೋಡಿದರು, ಹಂದಿ ಉತ್ತ ಜಾಗ ನೋಡಿದರು, ಮಜ್ಜಿಗೆ ಕುಡಿದರು. ಹೊರಡುವಾಗ, "ಅಲ್ಲಮ್ಮಾ, ನಿಮಗೆ ಹೊಡೆಯೋಕೆ ಬರುತ್ತಾ?" ಎಂದು ಕೇಳಿದರು. ಅಮ್ಮ ಸೆರಗನ್ನು ಸರಿಮಾಡಿಕೊಂಡು, "ಹೊಡೆಯೋಕಲ್ಲ ಸ್ವಾಮಿ, ಸದ್ದು ಮಾಡೋಕೆ" ಎಂದಳು. ಅವರು ನಗಲಿಲ್ಲ, ಬರೆದುಕೊಂಡರು.

ತರಬೇತಿ ಜಿಲ್ಲಾ ಕೇಂದ್ರದ ಪೊಲೀಸ್ ಮೈದಾನದಲ್ಲಿ. ಕಾಫಿತೋಟದ ಯಜಮಾನರ, ನಿವೃತ್ತ ನೌಕರರ ನಡುವೆ ಅಮ್ಮನೊಬ್ಬಳೇ ಹೆಂಗಸು. ಕೋವಿಯ ಬಾಯಿ ಎಂದೂ ಮನುಷ್ಯರ ಕಡೆಗೆ ತಿರುಗಬಾರದು, ಖಾಲಿ ಕೋವಿಯನ್ನೂ ತುಂಬಿದೆಯೆಂದೇ ತಿಳಿಯಬೇಕು ಎಂದು ಹೇಳಿಕೊಟ್ಟರು. ಕೊನೆಯ ದಿನ ಸೀರೆಯ ನೆರಿಗೆ ಎತ್ತಿ ಕಟ್ಟಿ, ಮಣ್ಣಿನ ಮೇಲೆ ಬೋರಲು ಮಲಗಿ ಪೊಲೀಸರ ರೈಫಲಿನಿಂದ ಐದು ಗುಂಡು ಹೊಡೆದಳು. ಎರಡು ಹಲಗೆಗೆ ತಾಗಿದವು. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಅವಳು ಮಾತಾಡಲಿಲ್ಲ. ಇಳಿಯುವಾಗ, "ಎರಡು ತಾಗ್ತು ಅಲ್ವಾ ಮಗಾ?" ಎಂದಳು.

2025ರ ಅಕ್ಟೋಬರಿನಲ್ಲಿ ಲೈಸೆನ್ಸು ಬಂತು. 2019ರ ತಿದ್ದುಪಡಿಯ ನಂತರ ಅದರ ಅವಧಿ ಐದು ವರ್ಷ. ಅಮ್ಮನ ಭಾವಚಿತ್ರ, ಅಮ್ಮನ ಸಹಿ, ದೇಶಕ್ಕೆಲ್ಲ ಒಂದೇ ಆದ ಪಟ್ಟಿಯಲ್ಲಿ ಅವಳಿಗೊಂದು ಸಂಖ್ಯೆ. ಪಹಣಿ ಇನ್ನೂ ಅಪ್ಪನ ಹೆಸರಿನಲ್ಲಿಯೇ ಇದೆ. ಆದುದರಿಂದ ನಮ್ಮ ಮನೆಯ ಟ್ರಂಕಿನಲ್ಲಿ ಅಮ್ಮನ ಹೆಸರು ಹೊತ್ತ ಮೊದಲ ಹಕ್ಕುಪತ್ರವೆಂದರೆ ಇದೇ.

ದೀಪಾವಳಿಯ ರಜೆಗೆ ಊರಿಗೆ ಹೋದಾಗ ರಾತ್ರಿ ಗದ್ದೆಯಂಚಿಗೆ ಇಬ್ಬರೂ ಹೋದೆವು. ನಾನು ಬ್ಯಾಟರಿ ಹಿಡಿದೆ. ಅವಳು ಅಪ್ಪ ಮಾಡುತ್ತಿದ್ದಂತೆಯೇ ಮದ್ದು ಸುರಿದು, ನಾರು ತುರುಕಿ, ಆಕಾಶಕ್ಕೆ ಬಾಯಿ ಮಾಡಿ ಹೊಡೆದಳು. ಗುಡ್ಡ ಹಿಂದಿನಂತೆಯೇ ಆ ಸದ್ದನ್ನು ಹಿಂದಿರುಗಿಸಿತು. ಕತ್ತಲಲ್ಲಿ ಏನೋ ಮುರಿದುಕೊಂಡು ಓಡಿತು.

ಇನ್ನು ಕೆಲವು ತಿಂಗಳಲ್ಲಿ ನನಗೆ ಇಪ್ಪತ್ತೊಂದು ತುಂಬುತ್ತದೆ. ಬೇಕಾದರೆ ನನ್ನ ಹೆಸರಿಗೆ ಅರ್ಜಿ ಹಾಕೋಣವೇ ಎಂದು ಕೇಳಿದೆ. ಅಮ್ಮ ಕೋವಿಯನ್ನು ಒರೆಸುತ್ತ, "ನೀನು ಓದು. ಇದು ನನ್ನ ಹೆಸರಲ್ಲೇ ಇರ್ಲಿ" ಎಂದಳು. ನನಗೂ ಅದೇ ಸರಿಯೆನಿಸಿತು.