ಕೇಳುವವನ ಹೊಣೆ

ಈ ಪತ್ರಿಕೆಯ ಪುಟಗಳಲ್ಲಿ ಬ್ಯಾಸ್ಕೆಟ್‌ಬಾಲ್ ಆಟದ ಮಾತೆತ್ತಿದರೆ ಓದುಗರಿಗೆ ವಿಚಿತ್ರವೆನಿಸಬಹುದು. ನನಗೂ ಆ ಆಟದ ಪರಿಚಯ ಹೆಚ್ಚಿಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು ನಾನು. ಆದರೆ 2024ರ ಬೇಸಗೆಯಲ್ಲಿ, ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿರುವ ಮಗನ ಮನೆಯಲ್ಲಿ ಕೆಲವು ತಿಂಗಳು ತಂಗಿದ್ದಾಗ ಕಿವಿಗೆ ಬಿದ್ದ ಒಂದು ವಾದ, ನಾನು ಬಹುಕಾಲದಿಂದ ನ್ಯಾಯವೆಂದೇ ನಂಬಿಕೊಂಡಿದ್ದ ನನ್ನದೇ ಒಂದು ತೀರ್ಪನ್ನು ಅಲುಗಿಸಿತು. ಅದನ್ನು ಹೇಳಿಕೊಳ್ಳದೆ ಇರಲಾರೆ.

ಮೊದಲು ಆ ವಾದದ ಹಿನ್ನೆಲೆಯನ್ನು ತಿಳಿಸಬೇಕು. ಅಮೆರಿಕದ ಎನ್‌ಬಿಎ ಎಂಬ ವೃತ್ತಿಪರ ಕೂಟದಲ್ಲಿ ಮೂವತ್ತು ತಂಡಗಳಿವೆ. ಹೊಸದಾಗಿ ಬರುವ ತರುಣರನ್ನು ಈ ತಂಡಗಳು ವರ್ಷಕ್ಕೊಮ್ಮೆ ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಇದನ್ನು ಡ್ರಾಫ್ಟ್ ಎನ್ನುತ್ತಾರೆ. ಎರಡು ಸುತ್ತುಗಳಲ್ಲಿ ಹೆಚ್ಚುಕಡಿಮೆ ಅರವತ್ತು ಮಂದಿಗೆ ಕರೆ ಬರುತ್ತದೆ. ಹಿಂದಿನ ಋತುವಿನಲ್ಲಿ ಸೋತು ಕೆಳಗಿಳಿದ ತಂಡಗಳಿಗೆ ಮೊದಲು ಆರಿಸುವ ಅವಕಾಶ. ಬೇಕೆಂದೇ ಸೋಲುವವರನ್ನು ತಡೆಯಲು 1985ರಿಂದ ಅದಕ್ಕೆ ಚೀಟಿ ಎತ್ತುವ ಪದ್ಧತಿಯನ್ನೂ ಸೇರಿಸಿದ್ದಾರೆ. ದುರ್ಬಲನಿಗೆ ಮೊದಲ ತುತ್ತು ಎಂಬ ಈ ನಿಯಮ ನನಗೆ ಮೆಚ್ಚುಗೆಯಾಯಿತು. ಆದರೆ ಆಟಗಾರನಿಗೆ ತಂಡವನ್ನು ಆರಿಸುವ ಸ್ವಾತಂತ್ರ್ಯವಿಲ್ಲ. ಆರಿಸುವವರು ಅವನ ಎತ್ತರ, ತೂಕ, ತೋಳಿನ ಅಳತೆ ಎಲ್ಲವನ್ನೂ ಬರೆದಿಟ್ಟುಕೊಂಡು ತೂಗಿ ನೋಡುತ್ತಾರೆ.

ಆ ವರ್ಷ ಪೋರ್ಟ್‌ಲ್ಯಾಂಡ್ ತಂಡ 21 ಪಂದ್ಯ ಗೆದ್ದು 61 ಸೋತಿತ್ತು. ಅದರ ಪಾಲಿಗೆ ಏಳನೆಯ ಸರದಿ ಬಂದಿತ್ತು. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಡಾನವನ್ ಕ್ಲಿಂಗನ್ ಎಂಬ ಏಳಡಿ ಎರಡಂಗುಲ ಎತ್ತರದ ತರುಣನ ಹೆಸರು ಮನೆಯಲ್ಲಿ ಪ್ರತಿದಿನ ಊಟದ ಹೊತ್ತಿಗೆ ಕೇಳಿಬರುತ್ತಿತ್ತು. ಹದಿನೈದು ವರ್ಷದ ಮೊಮ್ಮಗನಿಗೆ ಅವನು ಬೇಡ. “ತಾತ, ನಮ್ಮಲ್ಲಿ ಆಗಲೇ ಐಟನ್ ಇದ್ದಾನೆ. ಇನ್ನೊಬ್ಬ ಎತ್ತರದವನು ಯಾಕೆ? ಅದೂ ಪಾದದ ನೋವಿಗೆ ಕಾಲೇಜಿನಲ್ಲೇ ಕೆಲವು ಪಂದ್ಯ ಆಡದೆ ಕೂತವನು!” ಎಂದು ನನ್ನನ್ನು ಪಂಚಾಯಿತಿಗೆ ಎಳೆಯುತ್ತಿದ್ದ. ಮಗ ಒಪ್ಪುತ್ತಿರಲಿಲ್ಲ. “ನಮ್ಮಲ್ಲಿ ಯಾವ ಜಾಗ ಖಾಲಿ ಇದೆ ಅಂತ ನೋಡಿ ಆರಿಸಬಾರದು, ಯಾರು ಎಲ್ಲರಿಗಿಂತ ಸಮರ್ಥ ಅಂತ ನೋಡಿ ಆರಿಸಬೇಕು. ಎಂಬತ್ತನಾಲ್ಕರಲ್ಲಿ ಆದದ್ದು ಸಾಲದೆ?” ಎನ್ನುತ್ತಿದ್ದ. “ಎಂಬತ್ತನಾಲ್ಕರ ಪಾಠ ಅದಲ್ಲ ಅಪ್ಪ, ಕಾಲು ಸರಿಯಿಲ್ಲದ ಎತ್ತರದವನನ್ನು ನಂಬಬೇಡ ಅನ್ನುವುದು” ಎಂದು ಮೊಮ್ಮಗನ ಉತ್ತರ. ಒಂದೇ ಘಟನೆಯಿಂದ ತಂದೆ ಮಕ್ಕಳು ಬೇರೆ ಬೇರೆ ಪಾಠ ಕಲಿತಿದ್ದರು. ಆ ಘಟನೆ ಏನೆಂದು ನಾನು ಕೇಳಿದೆ.

1984ರಲ್ಲಿ ಮೊದಲ ಸರದಿ ಹ್ಯೂಸ್ಟನ್ ತಂಡದ್ದು. ಅವರು ನೈಜೀರಿಯಾದಲ್ಲಿ ಹುಟ್ಟಿದ ಒಲಾಜುವನ್‌ನನ್ನು ಆರಿಸಿದರು. ಎರಡನೆಯದು ಪೋರ್ಟ್‌ಲ್ಯಾಂಡಿನದು. ಅವರಲ್ಲಿ ಹಿಂದಿನ ವರ್ಷವಷ್ಟೇ ಬಂದ ಕ್ಲೈಡ್ ಡ್ರೆಕ್ಸ್ಲರ್ ಇದ್ದ. ಅದೇ ಜಾಗದಲ್ಲಿ ಆಡುವ ಮತ್ತೊಬ್ಬ ಅವರಿಗೆ ಬೇಕಿರಲಿಲ್ಲ. ಬುಟ್ಟಿಯ ಬಳಿ ನಿಲ್ಲುವ ಎತ್ತರದವನು ಬೇಕಾಗಿದ್ದ. ಆದ್ದರಿಂದ ಕೆಂಟಕಿ ವಿಶ್ವವಿದ್ಯಾಲಯದ ಸ್ಯಾಮ್ ಬೋವೀಯನ್ನು ಆರಿಸಿದರು. ಎಡಗಾಲಿನ ಮೂಳೆ ಬಿರಿದು ಆತ ಕಾಲೇಜಿನಲ್ಲಿ ಎರಡು ವರ್ಷ ಆಡಿರಲಿಲ್ಲವೆಂಬುದು ಅವರಿಗೆ ತಿಳಿದಿತ್ತು. ಅದಕ್ಕಾಗಿಯೇ ವೈದ್ಯರಿಂದ ದೀರ್ಘವಾಗಿ ತಪಾಸಣೆ ಮಾಡಿಸಿದ್ದರು. ಮೂರನೆಯ ಸರದಿಯ ಷಿಕಾಗೊ ತಂಡ, ಉಳಿದವರಲ್ಲಿ ಮೈಕೇಲ್ ಜಾರ್ಡನ್ ಎಂಬವನನ್ನು ತೆಗೆದುಕೊಂಡಿತು.

ಮುಂದಿನದು ಲೋಕಕ್ಕೆ ಗೊತ್ತು. ಜಾರ್ಡನ್ ಷಿಕಾಗೊವಿಗೆ ಆರು ಪ್ರಶಸ್ತಿಗಳನ್ನು ಗೆದ್ದುಕೊಟ್ಟ. 1992ರಲ್ಲಿ ಅಂತಿಮ ಹಣಾಹಣಿಯಲ್ಲಿ ಆತ ಸೋಲಿಸಿದ್ದು ಪೋರ್ಟ್‌ಲ್ಯಾಂಡನ್ನೇ. ಬೋವೀ ಮೊದಲ ವರ್ಷ 76 ಪಂದ್ಯಗಳನ್ನಾಡಿದ. ಅನಂತರ ಕಾಲು ಮತ್ತೆ ಮತ್ತೆ ಮುರಿಯಿತು. ಒಂದು ಇಡೀ ಋತು ಅಂಗಳಕ್ಕೇ ಇಳಿಯಲಿಲ್ಲ. 1989ರಲ್ಲಿ ಬೇರೆ ತಂಡಕ್ಕೆ ಹೋಗುವ ಹೊತ್ತಿಗೆ ಆತ ಪೋರ್ಟ್‌ಲ್ಯಾಂಡಿಗಾಗಿ ಆಡಿದ್ದು ಒಟ್ಟು 139 ಪಂದ್ಯ. ಆ ಬಳಿಕ 1995ರವರೆಗೂ ಬೇರೆ ತಂಡಗಳಲ್ಲಿ ಗೌರವದಿಂದ ಆಡಿ, ಒಟ್ಟು 511 ಪಂದ್ಯಗಳನ್ನು ಮುಗಿಸಿ ನಿವೃತ್ತನಾದ. ಆದರೆ ಇದನ್ನು ನೆನೆಯುವವರಿಲ್ಲ. ಆತ ಎಂದರೆ ಜನರಿಗೆ ಒಂದು ತಪ್ಪು, ಅಷ್ಟೆ. ಅದೂ ಆತನ ತಪ್ಪಲ್ಲ, ಆತನನ್ನು ಆರಿಸಿದವರದು.

ಇಷ್ಟು ಕೇಳಿ ನಾನು ಗಣಿತದ ಮೇಷ್ಟರಂತೆಯೇ ಮಾತನಾಡಿದೆ. ಫಲ ತಿಳಿದ ಮೇಲೆ ಲೆಕ್ಕವನ್ನು ಹಿಂದಿನಿಂದ ಮಾಡುವುದು ಸುಲಭ. ಜಾರ್ಡನ್ ಕೂಡ ಎರಡನೆಯ ವರ್ಷ ಪಾದದ ಮೂಳೆ ಮುರಿದುಕೊಂಡು ಹದಿನೆಂಟು ಪಂದ್ಯವಷ್ಟೇ ಆಡಿದನೆಂದು ನೀವೇ ಹೇಳಿದಿರಿ. ಆ ಮೂಳೆ ಕೂಡದೆ ಹೋಗಿದ್ದರೆ ಯಾರನ್ನು ಮೂರ್ಖರೆನ್ನುತ್ತಿದ್ದಿರಿ ಎಂದು ಕೇಳಿದೆ. ಮಗ ನಕ್ಕು ಒಪ್ಪಿದ. ಆಮೇಲೆ, “ಆದರೆ ಅಣ್ಣ, ಇನ್ನೊಂದು ಸಂಗತಿ ಇದೆ” ಎಂದ.

2012ರಲ್ಲಿ ಬೋವೀಯ ಜೀವನವನ್ನು ಕುರಿತು ಒಂದು ಸಾಕ್ಷ್ಯಚಿತ್ರ ಬಂದಿತಂತೆ. ಅದರಲ್ಲಿ ಆತ ತಾನಾಗಿಯೇ ಒಂದು ವಿಷಯವನ್ನು ಹೊರಗೆಡಹಿದ. ತಪಾಸಣೆಯ ದಿನ ವೈದ್ಯರು ಸಣ್ಣ ಸುತ್ತಿಗೆಯಿಂದ ಎಡಗಾಲಿನ ಮೂಳೆಯನ್ನು ತಟ್ಟಿ ನೋವಾಗುತ್ತದೆಯೇ ಎಂದಾಗ, ಏನೂ ಇಲ್ಲವೆಂದು ಆತ ಹೇಳಿದ. ಒಳಗೆ ನೋಯುತ್ತಿತ್ತು. ನಾನು ಮಾಡಿದ್ದು ಸುಳ್ಳಾದರೆ ಸುಳ್ಳೇ. ಆದರೆ ನೆಚ್ಚಿಕೊಂಡ ನನ್ನವರಿಗೆ ಕಷ್ಟವಿರುವಾಗ ಯಾರಾದರೂ ಹಾಗೆಯೇ ಮಾಡುತ್ತಿದ್ದರು ಎಂಬ ಅರ್ಥದ ಮಾತನ್ನೂ ಆಡಿದ.

ಮೊಮ್ಮಗ ಸಿಟ್ಟಿನಿಂದ, “ನೋಡಿ ತಾತ, ಮೋಸ!” ಎಂದ. ಮಗ, “ಮೂರನೆಯ ವರ್ಷ ಮುರಿದದ್ದು ಬಲಗಾಲು ಕಣೋ, ಅದನ್ನು ಯಾವ ವೈದ್ಯ ಹೇಳಲು ಸಾಧ್ಯವಿತ್ತು?” ಎಂದ. ಅವರ ವಾದ ಮುಂದುವರಿಯಿತು. ನನಗೆ ಮುಂದಿನದು ಕೇಳಿಸಲಿಲ್ಲ. ಬೇರೊಬ್ಬ ಹುಡುಗ, ಬೇರೊಂದು ಕೋಣೆ, ಅಲ್ಲಿ ಪ್ರಶ್ನೆ ಕೇಳುತ್ತಿದ್ದ ನಾನು ಕಣ್ಣ ಮುಂದೆ ಬಂದೆವು.

ನಮ್ಮ ಊರಿನ ಒಂದು ಟ್ರಸ್ಟಿನ ವಿದ್ಯಾರ್ಥಿವೇತನ ಸಮಿತಿಯಲ್ಲಿ ನಾನು ಬಹಳ ವರ್ಷ ಇದ್ದೆ. 1994ರಲ್ಲಿ ಒಂದು ಸ್ಥಾನಕ್ಕೆ ಇಬ್ಬರು ಹುಡುಗರು ಉಳಿದರು. ನಾವು ನಾಲ್ವರು ಹಿರಿಯರು ಸಂಜೆಯವರೆಗೆ ಕುಳಿತು ವಾದಿಸಿದೆವು. ಇವನ ಅಂಕ ಹೆಚ್ಚು, ಅವನ ನಡತೆ ಗಟ್ಟಿ. ಇವನು ಮುಂದೆ ಬರುತ್ತಾನೆ, ಅವನು ಅರ್ಧಕ್ಕೆ ಬಿಡುತ್ತಾನೆ. ಒಬ್ಬನ ಪರ ಗಟ್ಟಿಯಾಗಿ ನಿಂತವನು ನಾನು. ಸಂಶಯ ನಿವಾರಣೆಗಾಗಿ ಅವನನ್ನು ಮತ್ತೆ ಒಳಗೆ ಕರೆದು ಕೇಳಿದೆ: “ಮನೆಯಲ್ಲಿ ನಿನ್ನ ದುಡಿಮೆಯನ್ನು ನೆಚ್ಚಿಕೊಂಡವರು ಯಾರಾದರೂ ಇದ್ದಾರೆಯೆ? ಓದನ್ನು ನಡುವೆ ಬಿಡುವ ಪ್ರಸಂಗ ಬಂದೀತೆ?” ಹುಡುಗ ತಲೆಯೆತ್ತಿ, “ಇಲ್ಲ ಸಾರ್” ಎಂದ. ವೇತನ ಅವನಿಗಾಯಿತು.

ಅವನ ತಂದೆ ಆಗಲೇ ಹಾಸಿಗೆ ಹಿಡಿದಿದ್ದರೆಂಬುದು ನಮಗೆ ಅನಂತರ ತಿಳಿಯಿತು. 1996ರಲ್ಲಿ ಆ ಹುಡುಗ ಓದು ಬಿಟ್ಟು ಅಂಗಡಿಯೊಂದರಲ್ಲಿ ಲೆಕ್ಕ ಬರೆಯಲು ಸೇರಿದ. ಆಯ್ಕೆಯಾಗದ ಇನ್ನೊಬ್ಬ ಸಾಲ ಮಾಡಿ ಓದಿ ಎಂಜಿನಿಯರನಾದ. “ಆ ದಿನ ಅವನಿಗೇ ಕೊಡಬೇಕಾಗಿತ್ತು ಮೇಷ್ಟ್ರೇ” ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿದೆನೋ! ಆ ಅವಮಾನದಲ್ಲಿ ನಡಾವಳಿ ಪುಸ್ತಕದಲ್ಲಿ, ಅಭ್ಯರ್ಥಿಯು ಸುಳ್ಳು ಹೇಳಿ ಧರ್ಮದ ಹಣವನ್ನು ಪಡೆದನೆಂದು ನನ್ನ ಕೈಯಾರೆ ಬರೆದೆ. ಅಷ್ಟಕ್ಕೇ ನಿಲ್ಲಲಿಲ್ಲ. ಮುಂದೆ ಪ್ರತಿವರ್ಷ ಸಂದರ್ಶನಕ್ಕೆ ಬಂದ ಮಕ್ಕಳಿಗೆ, ಹೆಸರು ಹೇಳದೆ, ಅವನ ಉದಾಹರಣೆ ಕೊಟ್ಟು ಸತ್ಯದ ಮಹಿಮೆಯನ್ನು ಬೋಧಿಸಿದೆ. ಊರು ಚಿಕ್ಕದು; ಹೆಸರು ಹೇಳುವ ಅಗತ್ಯವೇ ಇರಲಿಲ್ಲ.

ಆ ವರ್ಷದ ಜೂನ್ 26ರ ಸಂಜೆ ಪೋರ್ಟ್‌ಲ್ಯಾಂಡ್ ತಂಡ ಕ್ಲಿಂಗನ್‌ನನ್ನೇ ಆರಿಸಿತು. ಟೋಪಿ ಧರಿಸಿ ವೇದಿಕೆಗೆ ನಡೆದುಬಂದ ಆ ಇಪ್ಪತ್ತು ವರ್ಷದ ಹುಡುಗನನ್ನು ನಾನು ದೂರದರ್ಶನದಲ್ಲಿ ನೋಡಿದೆ. ಅವನ ಪಾದಗಳ ಮೇಲೆ ಒಂದು ಊರಿನ ಆಸೆ ಕುಳಿತಿತ್ತು. ಇವನನ್ನು ವೈದ್ಯರು ಏನು ಕೇಳಿದ್ದರೋ, ಇವನು ಏನೆಂದನೋ ಎಂದುಕೊಂಡೆ.

ಮಳೆಗಾಲ ಕಳೆದು ಊರಿಗೆ ಮರಳಿದ ಮೇಲೆ ನಾನು ಮಾಡಿದ ಮೊದಲ ಕೆಲಸ ಆ ಹುಡುಗನನ್ನು ಹುಡುಕಿಕೊಂಡು ಹೋದದ್ದು. ಹುಡುಗನೆಂದೆ, ಅವನಿಗೀಗ ನಲವತ್ತೆಂಟು. ಬೀದಿಯ ಕೊನೆಯಲ್ಲಿ ಸ್ವಂತದ ಪುಟ್ಟ ಕಿರಾಣಿ ಅಂಗಡಿ. ನನ್ನನ್ನು ಕಂಡವನೇ ಎದ್ದು ನಿಂತು ಸ್ಟೂಲು ಹಾಕಿದ. ಹೇಗೆ ಆರಂಭಿಸಬೇಕೆಂದು ತಿಳಿಯದೆ, “ಅಂದು ನೀನು ಇಲ್ಲ ಎಂದೆಯಲ್ಲ” ಎಂದೆ. ಅವನಿಗೆ ವಿವರಿಸಬೇಕಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೌದು ಅಂದಿದ್ದರೆ ಕೊಡುತ್ತಿದ್ದಿರಾ ಮೇಷ್ಟ್ರೇ?” ಎಂದು ಕೇಳಿದ.

ಕೊಡುತ್ತಿರಲಿಲ್ಲ. ಅದನ್ನೇ ಹೇಳಿದೆ.

ಓದುಗರು ತಪ್ಪು ತಿಳಿಯಬಾರದು. ಸುಳ್ಳನ್ನು ಸತ್ಯವೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಅವನು ಆಡಿದ್ದು ಸುಳ್ಳೇ. ಅದರ ಭಾರವನ್ನು ಅವನು ಹೊತ್ತಿದ್ದಾನೆ. ಊರಿನ ಬಾಯಿ ಅದನ್ನು ಇಳಿಸಲು ಬಿಟ್ಟಿಲ್ಲ. ಆದರೆ ನಿಜ ಹೇಳಿದವನಿಗೆ ಬಾಗಿಲು ಮುಚ್ಚುವೆನೆಂದು ಮೊದಲೇ ನಿಶ್ಚಯಿಸಿಕೊಂಡು ಪ್ರಶ್ನೆ ಕೇಳುವವನೂ ಆ ಸುಳ್ಳಿನಲ್ಲಿ ಪಾಲುಗಾರನಲ್ಲವೆ? ಯಾರಿಗೆ ನೆರವು ಅತ್ಯಗತ್ಯವೋ ಅವನೇ ತನ್ನ ಕಷ್ಟವನ್ನು ಮುಚ್ಚಿಡಬೇಕಾಗುವಂತೆ ನನ್ನ ಪ್ರಶ್ನೆ ಇತ್ತು. ಆಟದ ತಂಡಕ್ಕೆ ಗೆಲುವು ಬೇಕು, ಗಟ್ಟಿ ಕಾಲಿನವನೇ ಬೇಕು. ಅದು ಅವರ ವ್ಯವಹಾರ. ನಾವು ಕೂತಿದ್ದುದು ಗೆಲ್ಲುವವನನ್ನು ಹುಡುಕಲೆಂದಲ್ಲ, ಎಡವುವವನಿಗೆ ಕೈ ಕೊಡಲೆಂದು. ಅದನ್ನು ಮರೆತು ನಾವೂ ಕುದುರೆ ಕೊಳ್ಳುವವರಂತೆ ಹಲ್ಲು ಎಣಿಸುತ್ತಿದ್ದೆವು.

ಮುಂದಿನ ಸಭೆಯಲ್ಲಿ ಎರಡು ವಿಷಯಗಳನ್ನು ಮಂಡಿಸಿದೆ. ಮೊದಲನೆಯದು, ಮನೆಯ ತೊಂದರೆಯ ಪ್ರಶ್ನೆಯನ್ನು ವೇತನ ಮಂಜೂರಾದ ಮೇಲೆ ಕೇಳುವುದು, ಹೆಚ್ಚಿನ ನೆರವು ಏನು ಬೇಕೆಂದು ತಿಳಿಯುವುದಕ್ಕಾಗಿ ಮಾತ್ರ. ದಾನಿಗಳ ಹಣ ಅರ್ಧದಲ್ಲಿ ಪೋಲಾದರೆ ಉತ್ತರ ಕೊಡುವವರು ಯಾರೆಂದು ಒಬ್ಬ ಸದಸ್ಯರು ಆಕ್ಷೇಪಿಸಿದರು. ಅವರ ಮಾತಿನಲ್ಲೂ ಹುರುಳಿತ್ತು. ಕೊನೆಗೆ ಎರಡು ವರ್ಷ ಪ್ರಯೋಗ ಮಾಡಿ ನೋಡುವುದೆಂದು ಒಪ್ಪಿಗೆಯಾಯಿತು.

ಎರಡನೆಯದು ಹಳೆಯ ನಡಾವಳಿಯ ಆ ಸಾಲಿನ ವಿಷಯ. ಅದನ್ನು ಹೊಡೆದುಹಾಕಬೇಕೆಂದು ನಾನು ಕೇಳಲಿಲ್ಲ. ಬರೆದದ್ದು ಬರೆದಂತೆ ಇರಲಿ. ಸಭೆಯ ಅನುಮತಿ ಪಡೆದು ಅದರ ಕೆಳಗೆ ಇಷ್ಟನ್ನು ಸೇರಿಸಿ, ಇಂದಿನ ತಾರೀಖು ಹಾಕಿ ಸಹಿ ಮಾಡಿದೆ: ಪ್ರಶ್ನೆಯನ್ನು ಕೇಳಿದವನು ನಾನು. ನಿಜವಾದ ಉತ್ತರಕ್ಕೆ ನಾನು ಸ್ಥಳ ಬಿಟ್ಟಿರಲಿಲ್ಲ.